ಅಮ್ಮನನ್ನು ಸೇರಿಸುವ ಮೊದಲು ರಾತ್ರಿ ಪಾಳಿ ನೋಡಿ ಬನ್ನಿ

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ಕಳೆದ ವರ್ಷ ಸ್ಟ್ರೋಕ್ ಆದಮೇಲೆ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ನಡೆಯುತ್ತಿದೆ. ಈಚೆಗೆ ಮರೆವು ಶುರುವಾಗಿದೆ, ಕನ್ನಡ ಬಿಟ್ಟು ತುಳುವಿನಲ್ಲೇ ಮಾತಾಡುತ್ತಾರೆ. ಅಣ್ಣ ದುಬೈಯಲ್ಲಿ, ನಾನು ಬೆಂಗಳೂರಿನಲ್ಲಿ. ಮನೆಗೆ ಬರುವ ಹೋಂ ನರ್ಸ್‌ಗಳು ಎರಡು ತಿಂಗಳು ನಿಲ್ಲುವುದಿಲ್ಲ. ಮಂಗಳೂರಿನಲ್ಲಿ ಎರಡು, ಉಡುಪಿಯಲ್ಲಿ ಒಂದು ಆರೈಕೆ ಕೇಂದ್ರ ನೋಡಿ ಬಂದೆವು. ಮೂರೂ ಚೊಕ್ಕವಾಗಿವೆ, ಮೂರರಲ್ಲೂ ಸಿಸಿಟಿವಿ ಇದೆ, ಎಲ್ಲರೂ ಚೆನ್ನಾಗಿ ಮಾತಾಡಿದರು. ಯಾವುದು ಸುರಕ್ಷಿತ ಎಂದು ತಿಳಿಯುವುದು ಹೇಗೆ?

ಉತ್ತರ: ನೀವು ನೋಡಿದ್ದು ಬೆಳಿಗ್ಗೆ ಹನ್ನೊಂದರ ಕೇಂದ್ರವನ್ನು. ಆ ಹೊತ್ತಿಗೆ ಸ್ನಾನ ಮುಗಿದಿರುತ್ತದೆ, ಹಾಸಿಗೆ ಬದಲಾಗಿರುತ್ತದೆ, ಮ್ಯಾನೇಜರ್ ಇರುತ್ತಾರೆ, ಡ್ಯೂಟಿಯಲ್ಲಿ ಜನವೂ ಹೆಚ್ಚು. ನಿಮ್ಮ ತಾಯಿಯ ಸ್ಥಿತಿಯಲ್ಲಿರುವವರಿಗೆ ಅಪಾಯ ಬರುವುದು ಬೆನ್ನಿನ ಹುಣ್ಣು, ಗಂಟಲು ತಪ್ಪಿ ಶ್ವಾಸಕೋಶಕ್ಕೆ ಇಳಿಯುವ ಅನ್ನ, ಅಪರಾತ್ರಿಯಲ್ಲಿ ಕುಸಿಯುವ ಸಕ್ಕರೆ, ಬೀಳುವುದು, ಮದ್ದಿನ ಅದಲುಬದಲು ಇವುಗಳಿಂದ. ಇವನ್ನು ತಡೆಯುವುದು ಎಚ್ಚರವಾಗಿರುವ ಸಾಕಷ್ಟು ಜನ ಮತ್ತು ಅವರು ಆಗಿಂದಾಗ್ಗೆ ಬರೆದಿಡುವ ಪುಸ್ತಕ. ಆದ್ದರಿಂದ ನಿಮ್ಮ ಪರೀಕ್ಷೆಯೆಲ್ಲ ಎರಡು ಪ್ರಶ್ನೆಗಳ ಸುತ್ತ ಇರಲಿ: ರಾತ್ರಿ ಎರಡು ಗಂಟೆಗೆ ಎಷ್ಟು ಜನ ಎಚ್ಚರ ಇರುತ್ತಾರೆ? ಅವರು ಮಾಡಿದ ಕೆಲಸ ಎಲ್ಲಿ ಬರೆದಿದೆ?

ಕಾಗದಪತ್ರ ಮೊದಲು ಮುಗಿಸೋಣ

ಚಿಕಿತ್ಸೆ ಕೊಡುವ, ಒಳರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಸಂಸ್ಥೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, 2007ರಡಿ ನೋಂದಣಿ ಬೇಕು. ಇದನ್ನೇ ಎಲ್ಲರೂ ಕೆಪಿಎಂಇ ಎನ್ನುತ್ತಾರೆ. ಪ್ರಮಾಣಪತ್ರ ಐದು ವರ್ಷಕ್ಕೆ. ಅದರಲ್ಲಿರುವ ವಿಳಾಸ ನೀವು ನಿಂತಿರುವ ಕಟ್ಟಡದ್ದೇ ಎಂದು ನೋಡಿ. ಒಂದೇ ಸಂಸ್ಥೆ ಎರಡನೆಯ ಕಟ್ಟಡ ಬಾಡಿಗೆಗೆ ಹಿಡಿದು, ಮೊದಲಿನದರ ಪತ್ರವನ್ನೇ ಗೋಡೆಗೆ ಹಾಕಿರಬಹುದು. ದರಪಟ್ಟಿಯೂ ಕಾಣುವಂತೆ ಇರಬೇಕು. ಬರೀ ವೃದ್ಧಾಶ್ರಮ ಎಂದು ನಡೆಯುವ ಜಾಗದಲ್ಲಿ ಡ್ರಿಪ್, ಆಕ್ಸಿಜನ್, ಇಂಜೆಕ್ಷನ್ ಎಲ್ಲ ನಡೆಯುತ್ತಿದ್ದರೆ, ಯಾವ ವೈದ್ಯರ ಜವಾಬ್ದಾರಿಯಲ್ಲಿ ಎಂದು ನೇರವಾಗಿ ಕೇಳಿ. ಅಡುಗೆಮನೆಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ನರ್ಸ್‌ಗಳಿಗೆ ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ, ಆಯಾಗಳಿಗೆ ಪೊಲೀಸ್ ಪರಿಶೀಲನೆ, ಇಷ್ಟು ಸಾಕು. ಇವೆಲ್ಲ ಇದ್ದ ಮಾತ್ರಕ್ಕೆ ಕೇಂದ್ರ ಒಳ್ಳೆಯದೆಂದು ಆಗುವುದಿಲ್ಲ, ಇಲ್ಲದಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಬಹುದು.

ಹಾಗೇ ಬಳಸಿದ ಸೂಜಿ ಎಲ್ಲಿ ಹಾಕುತ್ತಾರೆ ಎಂದು ನೋಡಿ. ಚುಚ್ಚಿಕೊಳ್ಳದಂಥ ಬಿಳಿ ಡಬ್ಬಿ ಇರಬೇಕು. ಖಾಲಿ ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದರೆ ಸೋಂಕಿನ ವಿಷಯದಲ್ಲಿ ಅವರ ಶಿಸ್ತು ಎಷ್ಟೆಂದು ಗೊತ್ತಾಯಿತು.

ರಾತ್ರಿಯ ಲೆಕ್ಕ

"ನಮ್ಮಲ್ಲಿ ಹದಿನೆಂಟು ಜನ ಸ್ಟಾಫ್" ಎನ್ನುವ ಉತ್ತರದಿಂದ ಏನೂ ತಿಳಿಯುವುದಿಲ್ಲ. ಅದರಲ್ಲಿ ಅಡುಗೆಯವರು, ಡ್ರೈವರ್, ಆಫೀಸಿನವರು, ರಜೆಯಲ್ಲಿರುವವರು ಎಲ್ಲ ಸೇರಿರುತ್ತಾರೆ. ಈ ವಾರದ ಡ್ಯೂಟಿ ಪಟ್ಟಿ ತೋರಿಸಲು ಹೇಳಿ. ಜೊತೆಗೆ, ಪೂರ್ತಿ ಹಾಸಿಗೆ ಹಿಡಿದವರು ಎಷ್ಟು ಮಂದಿ ಎಂದು ಕೇಳಿ. ನಂತರ ಲೆಕ್ಕ ನೀವೇ ಹಾಕಿ.

ಹಾಸಿಗೆ ಹಿಡಿದ ಒಬ್ಬರನ್ನು ಮಗ್ಗುಲು ತಿರುಗಿಸಿ, ಡಯಾಪರ್ ನೋಡಿ, ಬೇಕಿದ್ದರೆ ಒರೆಸಿ ಬದಲಿಸಲು ಇಬ್ಬರಿಗೆ ಸುಮಾರು 10 ನಿಮಿಷ ಬೇಕು. ಎರಡು ಗಂಟೆಗೊಮ್ಮೆ ತಿರುಗಿಸಬೇಕು. ಹತ್ತು ಮಂದಿ ಇದ್ದರೆ ಒಂದು ಸುತ್ತಿಗೆ 100 ನಿಮಿಷ. ಉಳಿದ 20 ನಿಮಿಷದಲ್ಲಿ ಬೆಲ್ ಒತ್ತಿದವರು, ವಾಂತಿ ಮಾಡಿಕೊಂಡವರು, ಎದ್ದು ಓಡಾಡುವ ಮರೆವಿನವರು. ಅಂದರೆ ಹತ್ತು ಜನ ಹಾಸಿಗೆ ಹಿಡಿದವರಿಗೆ ಇಬ್ಬರು ರಾತ್ರಿಯಿಡೀ ಕೂರದೆ ಕೆಲಸ ಮಾಡಿದರೂ ಕಷ್ಟದಲ್ಲಿ ಸರಿಹೋಗುತ್ತದೆ. ಇಪ್ಪತ್ತು ಮಂದಿಗೆ ಇಬ್ಬರು ಎಂದರೆ ಎರಡು ಗಂಟೆಗೊಮ್ಮೆ ತಿರುಗಿಸುವುದಿಲ್ಲ ಎಂದು ತಿಳಿಯಿರಿ, ಅವರು ಎಷ್ಟೇ ಒಳ್ಳೆಯವರಿರಲಿ. ಹಗಲು ಪಾಳಿ ಮಾಡಿದವರೇ ಅಲ್ಲೇ ಮಲಗಿ "ರಾತ್ರಿಯೂ ಇರುತ್ತೇವೆ" ಎನ್ನುವುದು ರಾತ್ರಿ ಪಾಳಿ ಅಲ್ಲ. ಅವರು ಮಲಗಲೇಬೇಕು, ಮಲಗುತ್ತಾರೆ.

ಊಟದ ಹೊತ್ತಿಗೂ ಇದೇ ಲೆಕ್ಕ. ನುಂಗಲು ತೊಂದರೆ ಇರುವವರಿಗೆ ಉಣಿಸಲು 20ರಿಂದ 30 ನಿಮಿಷ ಬೇಕು. ಕೈತುತ್ತು ಬೇಕಾದವರು ಹನ್ನೆರಡು, ಉಣಿಸುವವರು ಮೂವರು ಎಂದರೆ ಊಟ 80ರಿಂದ 120 ನಿಮಿಷ ನಡೆಯಬೇಕು. ಅರ್ಧ ಗಂಟೆಯಲ್ಲಿ ಎಲ್ಲ ತಟ್ಟೆಯೂ ತೊಳೆದಾಗಿದ್ದರೆ, ಕೆಲವರ ತಟ್ಟೆ ತುಂಬಿದ್ದಂತೆಯೇ ವಾಪಸು ಹೋಗಿದೆ, ಅಥವಾ ಬಾಯಿಗೆ ತುರುಕಲಾಗಿದೆ.

ಹೇಳದೆ ಮೂರು ಸಲ ಹೋಗಿ: ಒಮ್ಮೆ ಮಧ್ಯಾಹ್ನ ಊಟದ ವೇಳೆ, ಒಮ್ಮೆ ಭಾನುವಾರ, ಒಮ್ಮೆ ರಾತ್ರಿ ಎಂಟೂವರೆಯ ನಂತರ. ಬೇರೆಯವರ ಖಾಸಗಿತನಕ್ಕಾಗಿ ಕೋಣೆಯೊಳಗೆ ಬಿಡದಿರುವುದು ಸರಿ. ಆದರೆ ಕಾರಿಡಾರಿನವರೆಗೂ ಬಿಡದೆ "ಏಳರ ಮೇಲೆ ಯಾರಿಗೂ ಪ್ರವೇಶವಿಲ್ಲ" ಎನ್ನುವ ಜಾಗವನ್ನು ಪಟ್ಟಿಯಿಂದ ತೆಗೆದುಬಿಡುವುದೇ ಮೇಲು. ಮೂತ್ರದ ವಾಸನೆ ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಬಂದರೆ ಅದು ಸಹಜ. ಕಾರಿಡಾರಿನಲ್ಲೇ ನೆಲೆಸಿದ್ದರೆ ತಪ್ಪು. ಮೂಗಿಗೆ ಅಡರುವಷ್ಟು ಫಿನಾಯಿಲ್ ಅಥವಾ ರೂಂ ಫ್ರೆಶ್‌ನರ್ ಹೊಡೆದಿದ್ದರೆ ಇನ್ನೂ ಸಂಶಯಪಡಿ.

ಭಾಷೆಯ ಮಾತು ಸಣ್ಣದೆಂದು ಬಿಡಬೇಡಿ. ಆಯಾಗಳಲ್ಲಿ ಅನೇಕರು ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದವರು. ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ನಿಮ್ಮ ತಾಯಿ ತುಳುವಿನಲ್ಲಿ ಹೊಟ್ಟೆನೋವು ಎಂದರೆ, ಮೂತ್ರಕ್ಕೆ ಹೋಗಬೇಕು ಎಂದರೆ ತಿಳಿಯುವ ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಇರಬೇಕು. ಮರೆವಿನವರ ಗಲಾಟೆ ಎಂದು ನಿದ್ದೆ ಮಾತ್ರೆ ಕೊಟ್ಟ ಸಂದರ್ಭಗಳಲ್ಲಿ ಎಷ್ಟೋ ಸಲ ಒಳಗಿರುವುದು ಮಲಬದ್ಧತೆ, ಮೂತ್ರದ ಸೋಂಕು, ಇಲ್ಲವೇ ಹೇಳಲಾಗದ ನೋವು.

ಇನ್ನೊಂದು ವಿಷಯ. ಮಂಗಳೂರು, ಮಣಿಪಾಲದ ಸುತ್ತ ನರ್ಸಿಂಗ್ ಕಾಲೇಜುಗಳು ಬಹಳ ಇರುವುದರಿಂದ ಕೆಲವು ಕೇಂದ್ರಗಳಿಗೆ ವಿದ್ಯಾರ್ಥಿಗಳು ಪೋಸ್ಟಿಂಗ್‌ಗೆ ಬರುತ್ತಾರೆ. ಹೊರಗಿನ ಕಣ್ಣು ಬಂದು ಹೋಗುವ ಜಾಗ ಒಳ್ಳೆಯದೇ. ಆದರೆ ಅವರನ್ನು ಸ್ಟಾಫ್ ಲೆಕ್ಕಕ್ಕೆ ಸೇರಿಸಬಾರದು. ಪರೀಕ್ಷೆಯ ತಿಂಗಳು ಬಂದರೆ ಅವರು ಇರುವುದಿಲ್ಲ.

ಬೆನ್ನಿನ ಹುಣ್ಣು: ಸುಳ್ಳು ಹೇಳಲಾಗದ ಸಾಕ್ಷಿ

ಕೇಂದ್ರದ ಗುಣಮಟ್ಟಕ್ಕೆ ಒಂದೇ ಅಳತೆ ಕೇಳಿದರೆ ಇದನ್ನೇ ಹೇಳಬಹುದು. ಆಸ್ಪತ್ರೆಗೆ ಹೋಗದೆ ಅಲ್ಲೇ ಇದ್ದವರಲ್ಲಿ, ಈ ಆರು ತಿಂಗಳಲ್ಲಿ ಎಷ್ಟು ಮಂದಿಗೆ ಬೆಡ್‌ಸೋರ್ ಆಯಿತು ಎಂದು ಕೇಳಿ. "ಒಬ್ಬರಿಗೂ ಇಲ್ಲ" ಎಂಬ ಉತ್ತರಕ್ಕಿಂತ "ಇಬ್ಬರಿಗೆ ಆಗಿತ್ತು, ಒಬ್ಬರದು ಒಣಗಿದೆ, ಇನ್ನೊಬ್ಬರಿಗೆ ಡ್ರೆಸ್ಸಿಂಗ್ ನಡೆಯುತ್ತಿದೆ" ಎಂಬ ಉತ್ತರ ನಂಬಿಕೆಗೆ ಹೆಚ್ಚು ಅರ್ಹ.

ಮಗ್ಗುಲು ಬದಲಿಸಿದ ಚಾರ್ಟ್ ಹಾಸಿಗೆಯ ಹತ್ತಿರವೇ ಇರಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಹನ್ನೆರಡರ, ಎರಡರ ಸಾಲಿನಲ್ಲೂ ಈಗಲೇ ಟಿಕ್ ಬಿದ್ದಿದೆಯೇ ನೋಡಿ. ವಾರದ ಚಾರ್ಟ್ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ ಅದನ್ನು ಕೂತು ತುಂಬಿಸಿದ್ದಾರೆ. ಎಡ, ಬಲ, ನೆಟ್ಟಗೆ ಎಂದು ಭಂಗಿ ಬರೆದಿರಬೇಕು. ಬರೀ ಟಿಕ್ ಸಾಲದು. ಚಾರ್ಟಿನಲ್ಲಿ "ಎಡ ಮಗ್ಗುಲು" ಎಂದಿದ್ದು ಅಜ್ಜಿ ಅಂಗಾತ ಮಲಗಿದ್ದರೆ ಇನ್ನೇನೂ ಕೇಳಬೇಕಾಗಿಲ್ಲ.

ಏರ್‌ಬೆಡ್ ಇದೆ ಎಂದು ತೋರಿಸುತ್ತಾರೆ. ಪಂಪ್ ಓಡುತ್ತಿದೆಯೇ, ಒತ್ತಡದ ಗುಂಡಿ ಮಲಗಿದವರ ತೂಕಕ್ಕೆ ತಕ್ಕಂತೆ ಇಟ್ಟಿದೆಯೇ ನೋಡಿ. ಸೊಂಟದ ಕೆಳಗೆ, ಹಾಸಿಗೆಯ ಅಡಿಗೆ ಅಂಗೈ ತೂರಿಸಿದರೆ ಮೈಗೂ ಕೈಗೂ ನಡುವೆ ಒಂದು ಇಂಚಿನಷ್ಟಾದರೂ ಗಾಳಿ ಉಳಿದಿರಬೇಕು. ಮೂಳೆ ನೇರ ಕೈಗೆ ಸಿಕ್ಕರೆ ಆ ಹಾಸಿಗೆ ಇದ್ದೂ ಇಲ್ಲದಂತೆ. ಅದರ ಮೇಲೆ ರಬ್ಬರ್ ಶೀಟ್, ಮಡಚಿದ ಬೆಡ್‌ಶೀಟ್, ಟವೆಲ್ ಎಂದು ನಾಲ್ಕು ಪದರ ಹಾಸಿದರೂ ಪ್ರಯೋಜನ ಹೋಯಿತು. ಏರ್‌ಬೆಡ್ ಇದ್ದರೂ ತಿರುಗಿಸಲೇಬೇಕು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಬೇಕು. ನಡುವೆ ತೂತಿರುವ ಗಾಳಿ ರಿಂಗ್ ಮೇಲೆ ಕೂರಿಸುವುದು ಹಳೆಯ ಅಭ್ಯಾಸ. ಅದು ಸುತ್ತಲಿನ ರಕ್ತಸಂಚಾರ ತಡೆಯುತ್ತದೆ. ಕೆಂಪಾದ ಜಾಗಕ್ಕೆ ತೆಂಗಿನೆಣ್ಣೆ ಹಚ್ಚಿ ಚೆನ್ನಾಗಿ ತಿಕ್ಕುತ್ತೇವೆ ಎಂದು ಹೆಮ್ಮೆಯಿಂದ ಹೇಳಿದರೂ ಅದು ತಪ್ಪೇ. ಒಳಗೆ ಆಗಲೇ ನಲುಗಿದ ಮಾಂಸವನ್ನು ತಿಕ್ಕಿದರೆ ಹುಣ್ಣು ಬೇಗ ಒಡೆಯುತ್ತದೆ.

ನೀವೇ ಕಲಿತುಕೊಳ್ಳಬೇಕಾದ ಪರೀಕ್ಷೆ ಸುಲಭ. ಬಾಲದ ಮೂಳೆ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ಇವುಗಳಲ್ಲಿ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಬಿಳುಚಿಕೊಂಡು ಮತ್ತೆ ಕೆಂಪಾದರೆ ಚರ್ಮ ಇನ್ನೂ ಸರಿಯಾಗಿದೆ. ಬಿಳುಚದಿದ್ದರೆ ಹುಣ್ಣಿನ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಅಕ್ಕಪಕ್ಕಕ್ಕಿಂತ ಬಿಸಿ ಅಥವಾ ಗಟ್ಟಿ ಇದೆಯೇ ಎಂದು ಮುಟ್ಟಿ ನೋಡಬೇಕು.

ಮದ್ದು ಮತ್ತು ಇನ್ಸುಲಿನ್

ಇನ್ಸುಲಿನ್ ಇರುವವರ ಮಟ್ಟಿಗೆ ಮಾರಕ ತಪ್ಪು ಸಣ್ಣ ಸಿರಿಂಜಿನಲ್ಲಿ ಅಡಗಿರುತ್ತದೆ. ನಮ್ಮಲ್ಲಿ ಒಂದು ಮಿಲಿಲೀಟರ್‌ಗೆ 40 ಯೂನಿಟ್‌ನ ಬಾಟಲಿಯೂ ಇದೆ, 100 ಯೂನಿಟ್‌ನದೂ ಇದೆ. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆ ಮುಚ್ಚಳದ್ದು 100ರದ್ದು. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ತಾಯಿಯವರದು ಪೆನ್ ಆದರೆ ಪೆನ್ನಿನಿಂದಲೇ ಕೊಡಬೇಕು, ಅದರ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯಬಾರದು. ತೆರೆದ ದಿನಾಂಕ ಮೇಲೆ ಬರೆದಿರಬೇಕು, ಸಾಮಾನ್ಯವಾಗಿ ನಾಲ್ಕು ವಾರ ದಾಟಿದರೆ ಎಸೆಯಬೇಕು. ತೆರೆಯದವು 2ರಿಂದ 8 ಡಿಗ್ರಿಯಲ್ಲಿ, ಐಸ್ ಕಟ್ಟುವ ಗೋಡೆಗೆ ತಾಗದಂತೆ. ಅಡುಗೆಮನೆಯ ಫ್ರಿಜ್‌ನಲ್ಲಿ ಮೀನಿನ ಡಬ್ಬಿಯ ಪಕ್ಕ ಇಟ್ಟಿದ್ದರೆ ಆ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ ಎಂದು ಯೋಚಿಸಿ.

ರಾತ್ರಿ ಡ್ಯೂಟಿಯ ನರ್ಸ್‌ಗೆ ಈ ಪ್ರಶ್ನೆ ಕೇಳಿ: "ಎರಡು ಗಂಟೆಗೆ ಅಮ್ಮ ಬೆವರಿದ್ದಾರೆ, ಮಾತು ತೊದಲುತ್ತಿದೆ. ಏನು ಮಾಡುತ್ತೀರಿ?" ಸರಿಯಾದ ಉತ್ತರ, ಮೊದಲು ಗ್ಲುಕೋಮೀಟರ್. 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ನುಂಗಲು ತೊಂದರೆ ಇರುವವರಿಗೆ ನೀರಾಗಿ ಕುಡಿಸದೆ ಜೇನಿನಂತೆ ಮಂದವಾಗಿ ಕೊಡಬೇಕು. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ. ಸಕ್ಕರೆ ಸರಿಯಿದ್ದರೆ ಮತ್ತೊಂದು ಸ್ಟ್ರೋಕ್ ಎಂದೇ ತಿಳಿದು 108ಕ್ಕೆ ಕರೆ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಅದೂ ಕೊನೆಯ ಬಾರಿ ಸರಿ ಇದ್ದದ್ದನ್ನು ಕಂಡ ಹೊತ್ತಿನಿಂದ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಯಾರೂ ನೋಡಿ ಬರೆದಿಲ್ಲವಾದರೆ, ಮಂಗಳೂರಿನ ಯಾವ ದೊಡ್ಡ ಆಸ್ಪತ್ರೆಗೆ ಒಯ್ದರೂ ಗಡುವು ಯಾವಾಗ ಶುರುವಾಯಿತೆಂದೇ ಹೇಳಲಾಗದು. ಎರಡು ಗಂಟೆಗೊಮ್ಮೆ ಬರೆಯುವ ಪುಸ್ತಕದ ಬೆಲೆ ಇಲ್ಲಿ ತಿಳಿಯುತ್ತದೆ.

ಇನ್ಸುಲಿನ್ ಚುಚ್ಚಿ, ಆಮೇಲೆ ಊಟ ಮಾಡದೆ ಮಲಗಿದರು ಎಂಬುದು ಸಾಮಾನ್ಯವಾಗಿ ನಡೆಯುವ ಅನಾಹುತ. ಅರ್ಧ ಊಟ ಬಿಟ್ಟ ದಿನ ಏನು ಮಾಡಬೇಕೆಂದು ವೈದ್ಯರಿಂದ ಬರೆಸಿಯೇ ಕೊಡಿ. ಈ ವಯಸ್ಸಿನಲ್ಲಿ, ಈ ಸ್ಥಿತಿಯಲ್ಲಿ ಸಕ್ಕರೆಯನ್ನು ತೀರಾ ಬಿಗಿಯಾಗಿ ಹಿಡಿಯುವುದಕ್ಕಿಂತ ಕೆಳಗೆ ಬೀಳದಂತೆ ನೋಡುವುದು ಮುಖ್ಯ.

ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ವಾರಕ್ಕಾಗುವಷ್ಟು ಡಬ್ಬಿಗೆ ತುಂಬಿಟ್ಟರೆ ಯಾವುದು ಯಾವುದೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಹೆಸರು, ಪ್ರಮಾಣ, ಹೊತ್ತು, ಕೊಟ್ಟವರ ಸಹಿ ಇರುವ ಮದ್ದಿನ ಚಾರ್ಟ್ ಬೇಕು. ಸಹಿ ಬೀಳಬೇಕಾದದ್ದು ನುಂಗಿಸಿದ ಮೇಲೆ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳನ್ನು ಪುಡಿ ಮಾಡಿ ಗಂಜಿಗೆ ಬೆರೆಸಬಾರದು. ನಿಧಾನವಾಗಿ ಬಿಡಬೇಕಾದ ಮದ್ದು ಒಮ್ಮೆಲೇ ರಕ್ತಕ್ಕೆ ಹೋಗುತ್ತದೆ. ನುಂಗಲಾಗದಿದ್ದರೆ ಬೇರೆ ರೂಪ ಕೊಡಲು ವೈದ್ಯರನ್ನು ಕೇಳಬೇಕು.

ಹಗಲು ಹನ್ನೊಂದಕ್ಕೂ ಅರ್ಧಕ್ಕರ್ಧ ಜನ ತೂಕಡಿಸುತ್ತಿದ್ದರೆ ನಿದ್ದೆಯ, ಮನೋರೋಗದ ಮಾತ್ರೆಗಳ ಬಗ್ಗೆ ಕೇಳಿ. ಮರೆವಿನ ಹಿರಿಯರಲ್ಲಿ ಮನೋರೋಗದ ಕೆಲವು ಮಾತ್ರೆಗಳು ಸ್ಟ್ರೋಕ್‌ನ, ಸಾವಿನ ಅಪಾಯ ಹೆಚ್ಚಿಸುತ್ತವೆ. ನಿಮ್ಮ ತಾಯಿಗೆ ಸ್ಟ್ರೋಕ್ ಆಗಲೇ ಒಮ್ಮೆ ಆಗಿದೆ. ಇಂಥ ಮಾತ್ರೆ ಹೊಸದಾಗಿ ಶುರು ಮಾಡುವ ಮೊದಲು ನಿಮಗೆ ತಿಳಿಸಬೇಕೆಂದು ಒಪ್ಪಂದದಲ್ಲೇ ಬರೆಸಿ. ಬಟ್ಟೆಯಿಂದ ಕೈ ಕಟ್ಟುವುದೂ ಇದೇ ಜಾತಿಯದು. "ಬೀಳಬಾರದೆಂದು ಕಟ್ಟುತ್ತೇವೆ" ಎಂದರೆ ನೋಡಿಕೊಳ್ಳಲು ಜನವಿಲ್ಲ ಎಂದರ್ಥ.

ಊಟ, ಎತ್ತುವುದು, ಬಚ್ಚಲು

ಸ್ಟ್ರೋಕ್ ಆದವರಿಗೆ ನೀರು ಅನ್ನಕ್ಕಿಂತ ಅಪಾಯ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಸರಿಯಿರುವ ಎಡಬದಿಯಿಂದ ತುತ್ತು ಕೊಡಬೇಕು. ಬಲಗೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಬೇಕು, ಬಾಯಿ ತೊಳೆಸಬೇಕು, ನಂತರ ಅರ್ಧ ಗಂಟೆ ಮಲಗಿಸಬಾರದು. ಮಲಗಿದ್ದಲ್ಲೇ ಸ್ಪೂನಿನಲ್ಲಿ ಗಂಜಿ ಹುಯ್ಯುವುದನ್ನು ಒಬ್ಬರಿಗೆ ಮಾಡುತ್ತಿದ್ದರೂ ಸಾಕು, ಎಲ್ಲರಿಗೂ ಅದೇ ಎಂದು ತಿಳಿಯಬಹುದು.

ಕುಚ್ಚಲಕ್ಕಿ ಗಂಜಿ, ಚಟ್ನಿ ಹಿರಿಯರಿಗೆ ಪ್ರಿಯ, ಕೇಂದ್ರಕ್ಕೆ ಸುಲಭ. ಆದರೆ 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು, ಗಂಜಿಯಿಂದ ಅದು ಆಗುವುದಿಲ್ಲ. ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ಮುಳ್ಳು ಬಿಡಿಸಿದ 100 ಗ್ರಾಂ ಮೀನಿನಲ್ಲಿ 18ರಿಂದ 20. ಸಸ್ಯಾಹಾರಿಗಳಾದರೆ ಹೆಸರುಕಾಳು, ತೊವ್ವೆ, ಮೊಸರು ದಿನಕ್ಕೆ ಎರಡು ಮೂರು ಹೊತ್ತು ಇರಲೇಬೇಕು. ಪ್ರೋಟೀನ್ ಇಲ್ಲದೆ ಬೆನ್ನಿನ ಹುಣ್ಣು ಒಣಗುವುದಿಲ್ಲ. ತೂಕವನ್ನು ತಿಂಗಳಿಗೊಮ್ಮೆ ಬರೆಯುತ್ತಾರೆಯೇ ಕೇಳಿ. ತಿಂಗಳಲ್ಲಿ ನೂರಕ್ಕೆ ಐದರಷ್ಟು ಇಳಿದರೆ ವೈದ್ಯರು ನೋಡಲೇಬೇಕು.

ಯಾರನ್ನಾದರೂ ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವುದನ್ನು ಐದು ನಿಮಿಷ ನಿಂತು ನೋಡಿ. ಬ್ರೇಕ್ ಹಾಕಿದರೇ? ಪಾದದ ಪಟ್ಟಿ ಮಡಚಿದರೇ? ಕುರ್ಚಿಯನ್ನು ಸ್ವಾಧೀನವಿರುವ ಬದಿಗೆ ಇಟ್ಟರೇ? ಸ್ವಾಧೀನವಿಲ್ಲದ ಕೈಯನ್ನೋ ಕಂಕುಳನ್ನೋ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ, ಆ ನೋವು ವರ್ಷಗಟ್ಟಲೆ ಬಿಡುವುದಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟಿ ಎತ್ತುವವರು ಕಲಿತವರು.

ಬಚ್ಚಲಿಗೆ ಹೆಚ್ಚು ಹೊತ್ತು ಬೇಡ: ಗಾಲಿಕುರ್ಚಿ ಹೋಗುವಂತೆ ಬಾಗಿಲು 90 ಸೆಂಟಿಮೀಟರ್, ಕಮೋಡ್ ಎತ್ತರ 45ರಿಂದ 48, ಗೋಡೆಗೆ ಗಟ್ಟಿಯಾದ ಹಿಡಿಕೆ ಎಡಗೈಗೆ ಸಿಗುವ ಬದಿಯಲ್ಲಿ, ಹೊಸ್ತಿಲಿಲ್ಲದ ನೆಲ, ರಾತ್ರಿ ಸಣ್ಣ ದೀಪ. ಟವೆಲ್ ರಾಡನ್ನು ಹಿಡಿಕೆ ಎಂದು ತೋರಿಸಿದರೆ ಒಮ್ಮೆ ಜೋರಾಗಿ ಎಳೆದು ನೋಡಿ.

ಮಳೆಗಾಲದ ಪ್ರಶ್ನೆಗಳು

ಬೇರೆ ಊರಿನ ಚೆಕ್‌ಲಿಸ್ಟ್‌ಗಳಲ್ಲಿ ಇದು ಇರುವುದಿಲ್ಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಡ್ರೈಯರ್ ಇಲ್ಲದ ಕೇಂದ್ರದಲ್ಲಿ ಹಾಸಿಗೆ ಹಿಡಿದವರಿಗೆ ಹಸಿ ಬಟ್ಟೆಯೇ ಗತಿ. ತೊಡೆಸಂದು, ಎದೆಯ ಕೆಳಗೆ ಫಂಗಸ್ ಹಿಡಿದು ಚರ್ಮ ಬಿರಿಯುತ್ತದೆ. ದಿನಕ್ಕೆ ಎಷ್ಟು ಬೆಡ್‌ಶೀಟ್ ತೊಳೆಯುತ್ತೀರಿ, ಜುಲೈಯಲ್ಲಿ ಎಲ್ಲಿ ಒಣಗಿಸುತ್ತೀರಿ ಎಂದು ಕೇಳಿ. ಕೇಂದ್ರದಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ರಾತ್ರಿ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಒಬ್ಬರಿಗೆ ಮುಲಾಮು ಹಚ್ಚಿದರೆ ಸಾಲದು, ಒಟ್ಟಿಗಿರುವವರಿಗೂ ನೋಡಿಕೊಳ್ಳುವವರಿಗೂ ಒಂದೇ ದಿನ ಚಿಕಿತ್ಸೆ ಆಗಬೇಕು.

ನೀರು ಎಲ್ಲಿಂದ? ತುಂಬೆ ಅಥವಾ ಬಜೆ ಅಣೆಕಟ್ಟಿನಿಂದ ಬರುವ ನಗರದ ನೀರೋ, ಬಾವಿಯೋ, ಟ್ಯಾಂಕರೋ? ಮುರಕಲ್ಲಿನ ನೆಲ ನೀರನ್ನು ಬೇಗ ಬಿಡುತ್ತದೆ. ಮಳೆಗೆ ಬಾವಿ ತುಂಬಿದಾಗ ಹತ್ತಿರದ ಸೆಪ್ಟಿಕ್ ಟ್ಯಾಂಕಿನದೂ ಬಂದು ಸೇರುತ್ತದೆ. ಬಾವಿ ನೀರಾದರೆ ಪರೀಕ್ಷೆಯ ವರದಿ ನೋಡಿ, ಕುಡಿಯಲು ಕುದಿಸಿದ್ದೇ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕಡಿಮೆಯಾದಾಗ ಮೊದಲು ಕಡಿತವಾಗುವುದು ಸ್ನಾನ ಮತ್ತು ಕೈ ತೊಳೆಯುವುದು, ಇದನ್ನೂ ಕೇಳಿ.

ಮಂಗಳೂರಿನ ಮಲೇರಿಯಾ ಹರಡುವ ಸೊಳ್ಳೆ ಬೆಳೆಯುವುದು ಶುದ್ಧ ನೀರಿನಲ್ಲೇ. ಮೇಲಿನ ಟ್ಯಾಂಕಿನ ಮುಚ್ಚಳ, ಬಾವಿಯ ಬಲೆ, ಕಿಟಕಿಯ ಜಾಲರಿ, ಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯೇ ನೋಡಿ. ಅಡುಗೆಮನೆಯ ಸುತ್ತ ಇಲಿ ಇದ್ದರೆ ಇಲಿಜ್ವರದ ಭಯ, ಅದರಲ್ಲೂ ಉಡುಪಿ ಜಿಲ್ಲೆಯಲ್ಲಿ.

ಕರೆಂಟ್ ಹೋದರೆ ಏರ್‌ಬೆಡ್ ನಿಧಾನಕ್ಕೆ ಕುಸಿಯುತ್ತದೆ, ಆಕ್ಸಿಜನ್ ಯಂತ್ರ ಆ ಕ್ಷಣವೇ ನಿಲ್ಲುತ್ತದೆ. ಐದು ಲೀಟರ್‌ನ ಯಂತ್ರಕ್ಕೆ 300 ವ್ಯಾಟ್‌ಗೂ ಮೇಲೆ ಬೇಕು, ಮನೆಬಳಕೆಯ ಇನ್ವರ್ಟರ್ ಹೆಚ್ಚು ಹೊತ್ತು ತಾಳುವುದಿಲ್ಲ. ಜನರೇಟರ್ ಇದ್ದರೆ ಒಮ್ಮೆ ಚಾಲೂ ಮಾಡಿಸಿ ನೋಡಿ, ಡೀಸೆಲ್ ಇದೆಯೇ ಎಂದೂ ಕೇಳಿ. ಬಿ ಟೈಪ್ ಆಕ್ಸಿಜನ್ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್, ನಿಮಿಷಕ್ಕೆ ಎರಡು ಲೀಟರ್‌ನಂತೆ ಹನ್ನೆರಡು ಗಂಟೆ. ತಾಯಿಗೆ ಈಗ ಆಕ್ಸಿಜನ್ ಬೇಡದಿದ್ದರೂ ನ್ಯುಮೋನಿಯಾ ಬಂದ ರಾತ್ರಿ ಬೇಕಾಗುತ್ತದೆ. ಆ ರಾತ್ರಿ ಆಂಬುಲೆನ್ಸ್ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನೂ ಯೋಚಿಸಿ. ಜೋರು ಮಳೆಗೆ ಪಂಪ್‌ವೆಲ್, ಕೊಟ್ಟಾರ ಚೌಕಿಯಂಥ ಜಾಗಗಳಲ್ಲಿ ನೀರು ನಿಲ್ಲುವುದು ನಿಮಗೂ ಗೊತ್ತು.

ಬೆಂಕಿಯ ವಿಷಯದಲ್ಲಿ ಹಳೆಯ ಎರಡಂತಸ್ತಿನ ಮನೆಗಳನ್ನೇ ಕೇಂದ್ರವಾಗಿಸಿದ ಕಡೆ ಎಚ್ಚರ ಬೇಕು. ಕಿಟಕಿಗೆಲ್ಲ ಕಬ್ಬಿಣದ ಸರಳು, ಮೆಟ್ಟಿಲು ಒಂದೇ, ರಾತ್ರಿ ಮುಂಬಾಗಿಲಿಗೆ ಬೀಗ. ಕೀಲಿ ಯಾರ ಸೊಂಟದಲ್ಲಿ? ಸ್ಟ್ರೆಚರ್ ಹಿಡಿಸುವ ಲಿಫ್ಟ್ ಇಲ್ಲದಿದ್ದರೆ ನಿಮ್ಮ ತಾಯಿಗೆ ನೆಲ ಅಂತಸ್ತೇ ಆಗಬೇಕು. ಆಕ್ಸಿಜನ್ ಇರುವ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ ಬೇಡ.

ಸಿಸಿಟಿವಿ ಬಗ್ಗೆ ಬರೆದಿದ್ದೀರಿ. ಕ್ಯಾಮೆರಾ ಕಾರಿಡಾರ್‌ಗೆ ಸಾಕು, ಮೈ ಒರೆಸುವ ಜಾಗದಲ್ಲಿ ಇರಲೇಬಾರದು. ದೃಶ್ಯ ಎಷ್ಟು ದಿನ ಉಳಿಯುತ್ತದೆ, ಕೇಳಿದರೆ ಕೊಡುತ್ತಾರೆಯೇ ಎಂಬುದಷ್ಟೇ ಮುಖ್ಯ.

ಒಪ್ಪಂದ ಮತ್ತು ಮೊದಲ ತಿಂಗಳು

ತಿಂಗಳ ಮೊತ್ತದಲ್ಲಿ ಏನಿಲ್ಲ ಎಂಬುದನ್ನು ಬರೆಸಿ: ಡಯಾಪರ್, ಫಿಸಿಯೋಥೆರಪಿ, ವೈದ್ಯರ ಭೇಟಿ, ಡ್ರೆಸ್ಸಿಂಗ್, ಆಂಬುಲೆನ್ಸ್. ಡಯಾಪರ್ ದಿನಕ್ಕೆ ಮೂರು ನಾಲ್ಕರಂತೆ ತಿಂಗಳಿಗೆ ನೂರರ ಆಸುಪಾಸು ಆಗುತ್ತದೆ, ಹೊರಗಿನಿಂದ ತಂದುಕೊಡಲು ಬಿಡುತ್ತಾರೆಯೇ ಕೇಳಿ. ಆಸ್ಪತ್ರೆಗೆ ಸೇರಿಸಿದ ದಿನಗಳ ಶುಲ್ಕ, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು, ಠೇವಣಿ ಎಷ್ಟು ದಿನದಲ್ಲಿ ವಾಪಸು, ಯಾವ ಆಸ್ಪತ್ರೆಗೆ ಒಯ್ಯಬೇಕು, ಅಣ್ಣನಿಗೂ ನಿಮಗೂ ಫೋನ್ ಸಿಗದಿದ್ದರೆ ಊರಿನಲ್ಲಿ ಯಾರ ಒಪ್ಪಿಗೆ, ಇವೂ ಇರಲಿ. ಜಾಗ, ಮನೆ ಬರೆದುಕೊಟ್ಟರೆ ಕೊನೆವರೆಗೆ ನೋಡಿಕೊಳ್ಳುತ್ತೇವೆ ಎಂಬ ಮಾತಿಗೆ ಒಪ್ಪಲೇಬೇಡಿ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ತಪ್ಪಿದರೆ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಂ ಇದೆ, ನಿಜ. ಆದರೆ ಅಲ್ಲಿಗೆ ಹೋಗುವ ಸ್ಥಿತಿ ಯಾಕೆ?

ಒಂದು ತಿಂಗಳ ಮಟ್ಟಿಗೆ ಸೇರಿಸುತ್ತೇವೆ ಎಂದು ಹೇಳಿ ಶುರು ಮಾಡಿ. ಮನೆಯ ಮಂಚ, ಗಾಲಿಕುರ್ಚಿ ಮಾರಬೇಡಿ. ಸೇರಿಸಿದ ದಿನ ನರ್ಸ್ ಎದುರಲ್ಲೇ ತೂಕ ನೋಡಿ, ಬೆನ್ನು, ಸೊಂಟ, ಹಿಮ್ಮಡಿಯ ಫೋಟೋ ತೆಗೆದು ಇಬ್ಬರೂ ಸಹಿ ಮಾಡಿ. "ಬರುವಾಗಲೇ ಹುಣ್ಣಿತ್ತು" ಎಂಬ ವಾದ ಆಮೇಲೆ ಏಳುವುದಿಲ್ಲ. ಮೊದಲ ಎರಡು ವಾರ ನಿಮ್ಮಲ್ಲೊಬ್ಬರು ಊರಿನಲ್ಲಿರುವುದು ಒಳ್ಳೆಯದು. ಅದಾದ ಮೇಲೆ ವಿಡಿಯೋ ಕರೆಯ ಹೊತ್ತು ಬದಲಾಯಿಸುತ್ತಿರಿ. ವಾರಕ್ಕೊಮ್ಮೆ ಹೋಗಿ ಮುಟ್ಟಿ ನೋಡುವ ನೆಂಟರೊಬ್ಬರು ಬೇಕೇ ಬೇಕು, ಫೋನಿನಲ್ಲಿ ಹಿಮ್ಮಡಿ ಕಾಣುವುದಿಲ್ಲ.

ತೊಂದರೆ ಕಂಡರೆ ಮೊದಲು ಮ್ಯಾನೇಜರಿಗೆ ಬರಹದಲ್ಲೇ ಕೊಡಿ, ವಾಟ್ಸಾಪ್ ಆದರೂ ಸರಿ. ಚಿಕಿತ್ಸೆಯ ಲೋಪವಾದರೆ ಜಿಲ್ಲಾ ಆರೋಗ್ಯಾಧಿಕಾರಿಗೆ: ಕೆಪಿಎಂಇಯ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಉಡುಪಿಯ ಜಿಲ್ಲಾಧಿಕಾರಿ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ. ಹಣದ, ಸೇವೆಯ ತಕರಾರಿಗೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಸಿಗುತ್ತದೆ. ಹೊಡೆದ ಗುರುತು, ಕಟ್ಟಿದ ಗುರುತು ಕಂಡರೆ ಫೋಟೋ ತೆಗೆದು ನೇರ 112ಕ್ಕೆ ಕರೆ ಮಾಡಿ, ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ಮಂಗಳೂರಿನಲ್ಲಾದರೆ ವೆನ್ಲಾಕ್, ಉಡುಪಿಯಲ್ಲಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ.